ಎಸೆದುಬಿಡಿ ಎನ್ನುವವರಿಗೆ

“ಇದನ್ನೆಲ್ಲ ಇನ್ನೂ ಯಾಕೆ ಇಟ್ಕೊಂಡಿದೀರಿ ಮೇಡಂ? ಎಸೆದುಬಿಡಿ” ಎಂದ ಕಂಪ್ಯೂಟರ್ ಅಂಗಡಿಯ ಹುಡುಗ. ಅವನ ಮೇಜಿನ ಮೇಲಿದ್ದದ್ದು ನನ್ನ ಆರು ಫ್ಲಾಪಿಗಳು. ಅವುಗಳೊಳಗೆ ಇದ್ದದ್ದು ನನ್ನ ಅತ್ತೆಯವರು ಹೇಳಿ ಬರೆಸಿದ ಹಾಡುಗಳು: ಎಣ್ಣೆ ಹಚ್ಚುವಾಗಿನವು, ಹಸೆಗೆ ಕರೆಯುವವು, ಹೆಣ್ಣು ಒಪ್ಪಿಸಿಕೊಡುವಾಗ ಹೇಳುವಂಥವು. 1996ರಲ್ಲಿ ಮನೆಗೆ ಬಂದ ಕಂಪ್ಯೂಟರಿನಲ್ಲಿ, ಡಾಸ್ ಕಾಲದ ಒಂದು ಕನ್ನಡ ತಂತ್ರಾಂಶದಲ್ಲಿ, ರಾತ್ರಿ ಪಾತ್ರೆ ತೊಳೆದಾದ ಮೇಲೆ ಕೂತು ಒಂದೊಂದಾಗಿ ಟೈಪು ಮಾಡಿದ್ದೆ. ಅತ್ತೆ ಈಗಿಲ್ಲ. ಬರೆದುಕೊಂಡಿದ್ದ ನೋಟ್‌ಬುಕ್ಕು ಗೆದ್ದಲಿನ ಪಾಲಾಯಿತು. ಹೋದರೆ ಹೋಗಲಿ, ಕಂಪ್ಯೂಟರಿನಲ್ಲಿದೆಯಲ್ಲ ಎಂಬ ಧೈರ್ಯ ನನಗೆ.

ಆ ಧೈರ್ಯ ಎಷ್ಟು ಟೊಳ್ಳು ಎಂದು ಆಮೇಲೆ ತಿಳಿಯಿತು. ಹೊಸ ಯಂತ್ರದಲ್ಲಿ ಆ ಕಡತ ತೆರೆದರೆ ಬರುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಆಗ ಒಬ್ಬೊಬ್ಬರ ಕನ್ನಡ ತಂತ್ರಾಂಶಕ್ಕೂ ಅಕ್ಷರಗಳ ಸಂಕೇತ ಬೇರೆ ಬೇರೆ. ಯೂನಿಕೋಡಿನಲ್ಲಿ 1991ರಲ್ಲೇ ಕನ್ನಡಕ್ಕೆ ಜಾಗವಿತ್ತು, ನಮ್ಮ ಮನೆಗಳಿಗೆ ಅದು ಬಂದದ್ದು ಎಷ್ಟೋ ವರ್ಷದ ನಂತರ. ಹಳೆಯ ತಂತ್ರಾಂಶವನ್ನೇ ಹಾಕೋಣವೆಂದರೆ, ಇಂದಿನ 64 ಬಿಟ್ ವಿಂಡೋಸ್ ಡಾಸ್ ಕಾಲದ್ದನ್ನು ಒಳಗೇ ಸೇರಿಸುವುದಿಲ್ಲ.

ಸೇರಿಸಿದವಳು ಅಕ್ಕನ ಮಗಳು. “ಚಿಕ್ಕಮ್ಮ, ಯಂತ್ರ ಹಳೆಯದೇ ಆಗಬೇಕಿಲ್ಲ, ಹಳೆಯದರ ವೇಷ ಹಾಕಿದರೆ ಸಾಕು” ಎಂದು ಡಾಸ್‌ಬಾಕ್ಸ್ ಎಂಬುದನ್ನು ತುಂಬಿಸಿದಳು. 2002ರಿಂದ ಪುಕ್ಕಟೆ ಸಿಗುತ್ತಿರುವ ತಂತ್ರಾಂಶ ಅದು. ಹೊಸ ಕಂಪ್ಯೂಟರಿನೊಳಗೆ ಹಳೆಯ ಪ್ರೊಸೆಸರು, ಹಳೆಯ ಪರದೆ, ಹಳೆಯ ಕೀಲಿಮಣೆ ಎಲ್ಲವೂ ಇರುವ ಹಾಗೆ ನಟಿಸುತ್ತದೆ. ಹಳೆಯ ತಂತ್ರಾಂಶ ಅದನ್ನು ನಂಬಿ, ತನ್ನ ಮನೆಗೇ ಬಂದೆನೆಂದುಕೊಂಡು ಕೆಲಸ ಶುರುಮಾಡುತ್ತದೆ. ಪರದೆಯ ಮೇಲೆ ಆ ದಪ್ಪ ದಪ್ಪ ಕನ್ನಡ ಅಕ್ಷರ ಮೂಡಿದಾಗ ನಾನು ಅತ್ತೆಬಿಟ್ಟೆ. ನೋಡಿ ನೋಡಿ ಎಲ್ಲವನ್ನೂ ಯೂನಿಕೋಡಿನಲ್ಲಿ ಮತ್ತೆ ಟೈಪು ಮಾಡಿದೆ.

ಇದು ಮುದುಕರ ಹಳೆಯ ಗೀಳು ಎನ್ನುವವರಿದ್ದಾರೆ. ಡಾಸ್‌ಬಾಕ್ಸ್ ಹುಟ್ಟಿದ್ದೇ ಹಳೆಯ ಆಟಗಳನ್ನು ಆಡುವ ಆಸೆಗೆ. ಹುಡುಗರು ಆಡಿದರೆ ಹವ್ಯಾಸ, ಹೆಂಗಸರು ಹಾಡು ಹುಡುಕಿದರೆ ಗೀಳೇ? ಇನ್ನು ಕೆಲವರದು, ಹಳೆಯದು ಅಪಾಯ ಎಂಬ ಮಾತು. ಅದು ನಿಜ. ವಿಂಡೋಸ್ 98ಕ್ಕೆ ಕಂಪನಿಯ ರಕ್ಷಣೆ 2006ರ ಜುಲೈಗೇ ಮುಗಿದಿದೆ. ಅದರಲ್ಲಿ ಬ್ಯಾಂಕಿನ ಕೆಲಸ ಮಾಡಿ ಎಂದು ನಾನೂ ಹೇಳುವುದಿಲ್ಲ. ಅಂತರ್ಜಾಲದ ತಂತಿ ಕೊಡದೆ, ಬೇಕಾದದ್ದನ್ನು ಹೊರತೆಗೆದು ಮುಚ್ಚಿದರಾಯಿತು.

ನನ್ನ ಸಿಟ್ಟು ಬೇರೆಯದು. ಮಾರುವಾಗ “ಶಾಶ್ವತವಾಗಿರುತ್ತದೆ” ಎಂದವರು ಆಮೇಲೆ ಬಾಗಿಲು ಮುಚ್ಚಿ ಹೋಗುತ್ತಾರೆ. ಹಳೆಯ ತಂತ್ರಾಂಶವನ್ನು ಮಾರುವುದೂ ಇಲ್ಲ, ಅದರ ಹಕ್ಕು ಬಿಡುವುದೂ ಇಲ್ಲ. 1994ರಲ್ಲಿ ಶುರುವಾದ ಫ್ರೀಡಾಸ್‌ನಂಥದ್ದನ್ನು ಸಂಬಳ ಪಡೆಯದ ಜನ ಕಟ್ಟಿ ಎಲ್ಲರಿಗೂ ಹಂಚಬಹುದಾದರೆ, ದುಡ್ಡು ತೆಗೆದುಕೊಂಡವರಿಗೆ ಏನು ದಾಡಿ? ಕನ್ನಡದ ತಂತ್ರಾಂಶ ಮಾರುವವರು, ಬರೆದದ್ದನ್ನು ಹೊರತೆಗೆಯುವ ದಾರಿಯನ್ನೂ ಜೊತೆಗೇ ಕೊಡಬೇಕು. ಅದು ಉಪಕಾರವಲ್ಲ, ನಾವು ಕೊಟ್ಟ ದುಡ್ಡಿನ ಬಾಬ್ತು.

ನಿಮ್ಮ ಬೀರುವಿನ ಮೂಲೆಯಲ್ಲೂ ಫ್ಲಾಪಿಯೋ ಸೀಡಿಯೋ ಇದ್ದೀತು. ಈ ವಾರವೇ ತೆಗೆಯಿರಿ. ತಿಳಿದ ಮಕ್ಕಳನ್ನು ಹಿಡಿದು ಕೂರಿಸಿ. ಸಿಕ್ಕಿದ್ದನ್ನು ಕಾಗದದ ಮೇಲೂ ಅಚ್ಚು ಹಾಕಿಸಿ. ಯಾಕೆಂದರೆ ಯಂತ್ರ ವೇಷ ಹಾಕೀತು, ಬೂಷ್ಟು ಹಿಡಿದ ಫ್ಲಾಪಿಗೆ ಯಾವ ವೇಷವೂ ಇಲ್ಲ. ನನ್ನ ಆರರಲ್ಲಿ ಎರಡು ಓದಲೇ ಇಲ್ಲ. ಅವುಗಳಲ್ಲಿ ಯಾವ ಯಾವ ಹಾಡಿತ್ತೆಂದು ಈಗ ನನಗೂ ನೆನಪಿಲ್ಲ.