ಕತ್ತು ಮತ್ತು ಕತ್ತಿ

ನಮ್ಮಲ್ಲಿ ಅನೇಕರ ಮನೆಯ ನೆಲಕ್ಕೆ ಹಾಸಿರುವ ನುಣುಪಾದ ಬೂದುಗಲ್ಲು ಶಹಾಬಾದಿನದು. ಆ ಸೀಮೆಯವರು ಅದನ್ನು ‘ಪರ್ಸಿ’ ಎನ್ನುತ್ತಾರೆ. ನಾವು ಅದರ ಮೇಲೆ ಕಾಲಿಡುವುದಕ್ಕೆ ಮೊದಲು ಅದು ಯಾರದೋ ತಲೆಯನ್ನೋ ಹೆಗಲನ್ನೋ ಏರಿ ಇಳಿದಿರುತ್ತದೆ. ಚಿತ್ತಾಪುರ, ಸೇಡಂ ಸೀಮೆಗೂ ಹಬ್ಬಿರುವ ಇದೇ ಸುಣ್ಣಗಲ್ಲು ವಾಡಿ, ಮಳಖೇಡಗಳಲ್ಲಿ ಸಿಮೆಂಟಾಗುತ್ತದೆ. ಚಿಂಚೋಳಿಯ ಕಡೆ ಕಲ್ಲಿಗೆ ಬದಲು ಸೌದೆಯ ಹೊರೆ, ತೊಗರಿಯ ಮೂಟೆ. ಹೊರೆ ಯಾವುದಾದರೇನು, ತಾಳಬೇಕಾದುದು ಕತ್ತೇ ಅಲ್ಲವೆ?

ತಲೆಹೊರೆ ಹೊರುವವರ ಕತ್ತಿನಲ್ಲಿ ಸವೆತ ಹೆಚ್ಚೆಂಬುದನ್ನು ವೈದ್ಯರು ಗುರುತಿಸಿದ್ದಾರೆ. ಹಾಗೆಂದು ಪುಸ್ತಕಕ್ಕಿಂತ ಭಾರವಾದುದನ್ನು ಎತ್ತದ ನಮ್ಮಂಥವರಿಗೆ ಅದು ತಪ್ಪಿದ್ದಲ್ಲ. ಕತ್ತಿನಲ್ಲಿ 7 ಮಣಿಗಳಿವೆ. ಮೇಲಿನ ಎರಡನ್ನು ಬಿಟ್ಟರೆ ಉಳಿದವುಗಳ ನಡುವೆ ಮೆತ್ತೆಯಂತೆ ಒಂದೊಂದು ಬಿಲ್ಲೆ. ಡಿಸ್ಕ್ ಎನ್ನುವುದು ಇದನ್ನೇ. ಎಳವೆಯಲ್ಲಿ ಅದರ ತಿರುಳು ಬಹುಪಾಲು ನೀರು. ವರ್ಷಗಳುರುಳಿದಂತೆ ನೀರಾರಿ ಬಿಲ್ಲೆ ಕುಗ್ಗುತ್ತದೆ, ಅಂಚು ಉಬ್ಬುತ್ತದೆ, ಮಣಿಗಳ ಮಗ್ಗುಲಲ್ಲಿ ಎಲುಬಿನ ಮುಳ್ಳುಗಳೇಳುತ್ತವೆ. 1990ರಲ್ಲಿ ಅಮೆರಿಕದ ವೈದ್ಯರು ಕತ್ತುನೋವೇ ಇಲ್ಲದವರನ್ನು ಎಂ.ಆರ್.ಐ. ಯಂತ್ರದಲ್ಲಿ ಪರೀಕ್ಷಿಸಿದಾಗ, 40 ದಾಟಿದವರಲ್ಲಿ ನೂರಕ್ಕೆ ಸುಮಾರು 60 ಮಂದಿಯಲ್ಲಿ ಇಂಥ ಸವೆತ ಕಂಡಿತು! ಆದುದರಿಂದ ಚಿತ್ರವೊಂದನ್ನೇ ನೋಡಿ ಶಸ್ತ್ರಚಿಕಿತ್ಸೆಗೆ ಓಡಬೇಕಾಗಿಲ್ಲ.

ಉಬ್ಬಿದ ಬಿಲ್ಲೆ ಕೈಗೆ ಹೋಗುವ ನರದ ಬುಡವನ್ನು ಒತ್ತಿದರೆ ನೋವು ಭುಜದಿಂದ ಬೆರಳಿನವರೆಗೆ ಮಿಂಚಿನಂತೆ ಹರಿಯುತ್ತದೆ. ರೋಗಿ ಹೌಹಾರುತ್ತಾನೆ. ಆದರೂ ಬಹುಮಂದಿಗೆ ಔಷಧ, ವ್ಯಾಯಾಮಗಳಿಂದ ಕೆಲವು ವಾರ, ತಿಂಗಳುಗಳಲ್ಲಿ ಅದು ಇಳಿಯುತ್ತದೆ. ಇಳಿಯದಿದ್ದರೆ, ಅಥವಾ ಕೈ ಸೋಲುತ್ತಿದ್ದರೆ ಮಾತ್ರ ಶಸ್ತ್ರದ ಮಾತು. (ಕ್ಷೌರದಂಗಡಿಯಲ್ಲಿ ಕತ್ತಿನ ಲಟಿಕೆ ಮುರಿಸಿಕೊಳ್ಳುವ ಸುಖವನ್ನು ಇಂಥವರು ಬಿಡುವುದೇ ಲೇಸು.)

ಒತ್ತಡ ಬೆನ್ನುಹುರಿಯ ಮೇಲೆಯೇ ಬಿದ್ದರೆ ಸಂಗತಿ ಬೇರೆ. ಆಗ ನೋವೇ ಇಲ್ಲದಿರಬಹುದು. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುತ್ತವೆ, ಅಕ್ಷರ ಕೆಡುತ್ತದೆ, ಕಾಲಿನಿಂದ ಚಪ್ಪಲಿ ಜಾರಿದ್ದು ತಿಳಿಯುವುದಿಲ್ಲ. ಕಲ್ಲು ಒಡೆಯುವವನ ಕೈಯಿಂದ ಉಳಿ ಜಾರುತ್ತದೆ. ‘ನಿಶ್ಶಕ್ತಿ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಕತ್ತಿನ ಆಪರೇಷನ್ ಆದರೆ ಕೈಕಾಲು ಬಿದ್ದುಹೋಗುತ್ತವೆಂಬ ಹೆದರಿಕೆ ಬೇರೆ. ಹುರಿಗೆ ಒತ್ತಡ ಬಲವಾದಾಗ ಆ ಭಯ ಹೆಚ್ಚಾಗಿರುವುದು ಮಾಡಿಸಿಕೊಳ್ಳದವರಿಗೆ. ಚಿಕಿತ್ಸೆಯ ಮುಖ್ಯ ಗುರಿ ಕೇಡು ಮುಂದುವರಿಯದಂತೆ ತಡೆಯುವುದು. ಕಳೆದುಹೋದ ಶಕ್ತಿಯೆಲ್ಲ ಮರಳದಿರಬಹುದು. ತಡಮಾಡಬಾರದೆನ್ನುವುದು ಇದಕ್ಕಾಗಿಯೇ.

ಈ ಶಸ್ತ್ರಕ್ರಿಯೆಯ ಸ್ವಾರಸ್ಯವೆಂದರೆ ವೈದ್ಯರು ಸಾಮಾನ್ಯವಾಗಿ ಬೆನ್ನ ಕಡೆಯಿಂದಲ್ಲ, ಗಂಟಲ ಕಡೆಯಿಂದ ಹೋಗುತ್ತಾರೆ! ಅಮೆರಿಕದ ಸ್ಮಿತ್ ಮತ್ತು ರಾಬಿನ್‌ಸನ್, ಹೊನೊಲುಲುವಿನ ಕ್ಲೋವರ್ಡ್ 1958ರಲ್ಲಿ ಈ ಮಾರ್ಗವನ್ನು ವಿವರಿಸಿದರು. ಅನ್ನನಾಳ, ಶ್ವಾಸನಾಳಗಳನ್ನು ಮೆಲ್ಲನೆ ಸರಿಸಿ, ಕೆಟ್ಟ ಬಿಲ್ಲೆಯನ್ನು ತೆಗೆದು, ಆ ತೆರಪಿನಲ್ಲಿ ಸೊಂಟದ ಎಲುಬಿನ ತುಣುಕನ್ನಿಟ್ಟು ಎರಡು ಮಣಿಗಳನ್ನು ಬೆಸೆಯುವುದು ಅವರ ಉಪಾಯ. ಈಗ ಎಲುಬಿನ ಜೊತೆಗೆ ಸಣ್ಣ ಪಂಜರ, ಟೈಟೇನಿಯಂ ಪಟ್ಟಿಗಳೂ ಬಂದಿವೆ. ಕತ್ತಿನ ಕೃತಕ ಬಿಲ್ಲೆಗೆ ಅಮೆರಿಕದಲ್ಲಿ 2007ರಲ್ಲಿ ಒಪ್ಪಿಗೆ ದೊರೆಯಿತು. ಹಲವು ಕಡೆ ಹುರಿ ಒತ್ತಿದ್ದರೆ ಹಿಂದಿನಿಂದ ಹೋಗುವುದೂ ಉಂಟು. ಕೆಲವರಿಗೆ ಕೆಲದಿನ ದನಿ ಒಡೆಯುತ್ತದೆ, ನುಂಗುವುದು ಕಷ್ಟವಾಗುತ್ತದೆ. ಬೀಡಿ ಬಿಡದವನಿಗೆ ಎಲುಬು ಬೆಸೆಯುವುದು ನಿಧಾನ.

ನಮ್ಮ ದೇಶದಲ್ಲಿ ಮೆದುಳು-ನರಗಳ ಶಸ್ತ್ರಚಿಕಿತ್ಸೆಯ ಮೊದಲ ವಿಭಾಗವನ್ನು 1949ರಲ್ಲಿ ವೆಲ್ಲೂರಿನಲ್ಲಿ ಡಾ॥ ಜೇಕಬ್ ಚಾಂಡಿ ತೆರೆದರು. ಬೆಂಗಳೂರಿನ ನಿಮ್ಹಾನ್ಸ್ 1974ರದು. ಕಲಬುರಗಿಗೆ 1963ರಲ್ಲಿಯೇ ವೈದ್ಯಕೀಯ ಕಾಲೇಜು ಬಂತು. ಆದರೆ ಹೊರೆಯಾಳಿಗೆ ಊರಿನ ದೂರಕ್ಕಿಂತ ದೊಡ್ಡದು ಕೂಲಿಯ ಲೆಕ್ಕ. ಬೆಸುಗೆ ಗಟ್ಟಿಯಾಗುವವರೆಗೆ, ತಿಂಗಳುಗಟ್ಟಲೆ, ಭಾರ ಎತ್ತುವಂತಿಲ್ಲ. ಆಮೇಲೂ ತಲೆಹೊರೆ ಬೇಡವೆಂದೇ ವೈದ್ಯರು ಹೇಳಿಯಾರು. ಇ.ಎಸ್.ಐ. ವಿಮೆಯುಳ್ಳ ಕಾರ್ಖಾನೆಯ ನೌಕರನಿಗೆ ಕಾಯಿಲೆಯ ಕಾಲದಲ್ಲಿ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ನೂರಕ್ಕೆ 70 ಪಾಲು ದೊರೆಯುತ್ತದೆ. ದಿನಗೂಲಿಗೆ ಪರ್ಸಿ ಹೊರುವವನು ಆ ಮೂರು ತಿಂಗಳು ಏನು ಉಣ್ಣಬೇಕು?