ಡಿಸೆಂಬರಿನ ಉಡುಗೊರೆ, ಬೇಸಿಗೆಯ ಸಾಲ

ನವೆಂಬರಿನ ನಾಲ್ಕನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಮುಗಿಯುತ್ತಿದ್ದಂತೆ ಅಮೆರಿಕದಲ್ಲಿ ಕ್ರಿಸ್‌ಮಸ್ ಖರೀದಿಯ ಭರಾಟೆ ಏರುತ್ತದೆ. ಶಿಕಾಗೋದಿಂದ ಸುಮಾರು 40 ಕಿಲೋಮೀಟರ್ ಪಶ್ಚಿಮಕ್ಕಿರುವ ನಮ್ಮ ಲಿಸ್ಲ್ ಇದಕ್ಕೆ ಹೊರತಲ್ಲ. ಕ್ರೈಸ್ತರಲ್ಲದ ಕನ್ನಡ ಕುಟುಂಬಗಳೂ ಇದರಿಂದ ದೂರ ಉಳಿಯಲಾರವು. ಶಾಲೆಯಿಂದ ಮರಳಿದ ಮಗು ಕೇಳುತ್ತದೆ: "ಅಪ್ಪಾ, ನಮ್ಮ ಮನೆಗೆ ಸಾಂಟಾ ಯಾಕೆ ಬರಲ್ಲ?"

ಮೊದಲ ವರ್ಷ ಆ ಪ್ರಶ್ನೆಗೆ ನಾನು ಕ್ರೆಡಿಟ್ ಕಾರ್ಡಿನಿಂದ ಉತ್ತರ ಕೊಟ್ಟೆ. ಭಾರತದಲ್ಲಿ ಎಂ.ಬಿ.ಬಿ.ಎಸ್., ಎಂ.ಡಿ. ಮುಗಿಸಿ ಬಂದಿದ್ದರೂ ಇಲ್ಲಿ ರೆಸಿಡೆನ್ಸಿ ತರಬೇತಿಯನ್ನು ಮೊದಲಿನಿಂದ ಆರಂಭಿಸಬೇಕಾಗಿತ್ತು. ಬಂದ ಸಂಬಳ ಮನೆ ಬಾಡಿಗೆಗೆ, ಕಾರಿನ ಕಂತಿಗೆ, ಊರಿಗೆ ಕಳುಹಿಸುವ ಹಣಕ್ಕೆ ಸರಿಹೋಗುತ್ತಿತ್ತು. ಆದರೂ ಮಗಳು ಗೆಳತಿಯರೆದುರು ಕುಗ್ಗಬಾರದೆಂದು ಕ್ರಿಸ್‌ಮಸ್ ಮರ, ದೀಪಗಳು, ಆಟಿಕೆಗಳು, ಸಹೋದ್ಯೋಗಿಗಳಿಗೆ ಉಡುಗೊರೆಗಳೆಂದು 800 ಡಾಲರ್ ಸಾಲ ಮಾಡಿದೆ. ಅದು ತೀರುವಷ್ಟರಲ್ಲಿ ಬೇಸಿಗೆ ಕಳೆದಿತ್ತು. ಊರಿನ ಪ್ರಯಾಣ ಮುಂದಕ್ಕೆ ಹೋಗಿತ್ತು. "ಇರಲಿ ಬಿಡಪ್ಪ, ಮುಂದಿನ ವರ್ಷ ಬಂದರಾಯಿತು" ಎಂದು ತಂದೆಯವರು ಫೋನಿನಲ್ಲಿ ಸಮಾಧಾನ ಹೇಳಿದರು. ಮುಂದಿನ ವರ್ಷ ನಾನು ಹೋದದ್ದು ಅವರ ಉತ್ತರಕ್ರಿಯೆಗೆ. ಅಂದು ಕೊಂಡ ಆಟಿಕೆಗಳಲ್ಲಿ ಒಂದೂ ಮಗಳಿಗೆ ಇಂದು ನೆನಪಿಲ್ಲ.

ಈಗ ಇಲ್ಲಿನ ಕಾರ್ಡುಗಳ ಸರಾಸರಿ ವಾರ್ಷಿಕ ಬಡ್ಡಿ ಶೇ. 20ನ್ನು ಮೀರಿದೆ. ಶೇ. 22ರ ದರದಲ್ಲಿ 1,000 ಡಾಲರ್ ಸಾಲವನ್ನು ತಿಂಗಳಿಗೆ 50 ಡಾಲರಿನಂತೆ ತೀರಿಸಲು ಎರಡು ವರ್ಷಕ್ಕೂ ಹೆಚ್ಚು ಕಾಲ ಬೇಕು. ಬಡ್ಡಿಯೇ 250 ಡಾಲರ್ ದಾಟುತ್ತದೆ. ಅಷ್ಟರಲ್ಲಿ ಇನ್ನೆರಡು ಕ್ರಿಸ್‌ಮಸ್ ಬಂದು ಹೋಗಿರುತ್ತವೆ.

ಹಾಗೆಂದು ಹಬ್ಬವನ್ನೇ ಬಿಡಬೇಕೆಂದು ನಾನು ಹೇಳಲಾರೆ. ಸುತ್ತಲಿನವರೆಲ್ಲ ಸಂಭ್ರಮಿಸುವಾಗ ಮಗುವನ್ನು ಬಾಗಿಲು ಹಾಕಿ ಕೂರಿಸುವುದೂ ತಪ್ಪೇ. ನಮ್ಮ ಮನೆಯಲ್ಲಿ ಈಗ ಚೀಟಿ ಎತ್ತುತ್ತೇವೆ. ಯಾರ ಹೆಸರು ಬಂದಿತೋ ಅವರಿಗೊಂದೇ ಉಡುಗೊರೆ, 20 ಡಾಲರಿನೊಳಗೆ. ಮಾರ್ಟನ್ ಅರ್ಬೊರೇಟಮ್‌ನ ದೀಪಾಲಂಕಾರ ನಮ್ಮೂರಿನಲ್ಲೇ ಇದೆ. ಅದಕ್ಕೆ ಟಿಕೆಟ್ ಬೇಕು. ಟಿಕೆಟ್ ಕೊಳ್ಳದ ವರ್ಷ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಬೀದಿ ಬೀದಿ ಸುತ್ತಿ ಮನೆಗಳ ದೀಪಗಳನ್ನು ನೋಡಿಬರುತ್ತೇವೆ.

ಸರಳ ಕ್ರಿಸ್‌ಮಸ್ ಹೇಗಿರುತ್ತದೆಂದು ತಿಳಿಯಲು ಕನ್ನಡಿಗರು ದೂರ ಹೋಗಬೇಕಿಲ್ಲ. ಮಂಗಳೂರಿನ ಕ್ರೈಸ್ತರು ಮನೆಯಲ್ಲೇ ಗೋದಲಿ ಕಟ್ಟುತ್ತಾರೆ. ಕಿಡಿಯೊ, ಗುಳಿಯೊ, ನೆವ್ರಿ, ಚಕ್ಕುಲಿಗಳ ‘ಕುಸ್ವಾರ್’ ಮಾಡಿ ಜಾತಿಮತ ನೋಡದೆ ನೆರೆಮನೆಗಳಿಗೆ ಹಂಚುತ್ತಾರೆ. ಇಲ್ಲಿಯೂ ಮಂಗಳೂರಿನ ಸ್ನೇಹಿತರೊಬ್ಬರ ಮನೆಯಿಂದ ಪ್ರತಿವರ್ಷ ನಮಗೊಂದು ತಟ್ಟೆ ಬರುತ್ತದೆ. ಸಂಕ್ರಾಂತಿಗೆ ಅದೇ ತಟ್ಟೆ ಎಳ್ಳುಬೆಲ್ಲ ಹೊತ್ತು ಮರಳುತ್ತದೆ. ಅದರ ಬಿಲ್ಲು ಜನವರಿಯಲ್ಲಿ ಬರುವುದಿಲ್ಲ.

ಅಮೆರಿಕಕ್ಕೆ ಬರಲು ಸಿದ್ಧರಾಗುತ್ತಿರುವ ಕಿರಿಯರೇ, ಮೊದಲ ಡಿಸೆಂಬರಿನಲ್ಲಿ ನಿಮ್ಮ ಹಾಸಿಗೆ ಚಿಕ್ಕದಾಗಿಯೇ ಇರುತ್ತದೆ. ಕಾಲು ಅಷ್ಟೇ ಚಾಚಿರಿ. ಊರಿನ ಹಿರಿಯರೇ, ಮಕ್ಕಳು ಕಳುಹಿಸುವ ಚಿತ್ರಗಳಲ್ಲಿ ಮರದ ಕೆಳಗೆ ಪೊಟ್ಟಣಗಳು ಕಡಿಮೆ ಕಂಡರೆ ಚಿಂತಿಸಬೇಡಿ. ಅವರು ನಿಮ್ಮಲ್ಲಿಗೆ ಬರುವ ಟಿಕೆಟಿಗೆ ಹಣ ಕೂಡಿಡುತ್ತಿರಬಹುದು.