ಮೊದಲು ಹಿಂದಿನ ಸೀಟಿನಲ್ಲಿ ಅಜ್ಜಿ ಕೂತು ನೋಡಲಿ

ಮಹೀಂದ್ರ ಕಂಪನಿ 2024ರ ನವೆಂಬರ್‌ನಲ್ಲಿ ಚೆನ್ನೈನಲ್ಲಿ ಎಕ್ಸ್‌ಇವಿ 9ಇ ಎಂಬ ವಿದ್ಯುತ್ ಕಾರನ್ನು ತೋರಿಸಿತು. ಸರಿಯಾಗಿ ಒಂದು ವರ್ಷ ಕಳೆದ ಮೇಲೆ, 2025ರ ನವೆಂಬರ್ 27ರಂದು, ಬೆಂಗಳೂರಿನಲ್ಲಿ ಎಕ್ಸ್‌ಇವಿ 9ಎಸ್ ಬಿಡುಗಡೆ ಮಾಡಿತು. ಇಂಗ್ಲೋ ಎಂಬ ಒಂದೇ ತಳಹದಿ, ಬ್ಯಾಟರಿಯೂ ಹೆಚ್ಚುಕಡಿಮೆ ಅದೇ. ಮೊದಲನೆಯದರ ಚಾವಣಿ ಹಿಂದಕ್ಕೆ ಇಳಿಜಾರಾಗಿ ಜಾರುತ್ತದೆ, ಐದು ಸೀಟು. ಎರಡನೆಯದು ನೆಟ್ಟಗೆ ನಿಲ್ಲುತ್ತದೆ, ಏಳು ಸೀಟು. ಬಿಡುಗಡೆಯಾದಾಗ 9ಇ ಆರಂಭಿಕ ಬೆಲೆ 21.90 ಲಕ್ಷ ರೂಪಾಯಿ, 9ಎಸ್‌ನದು 19.95 ಲಕ್ಷ. ಸೀಟು ಹೆಚ್ಚಿರುವ ಕಾರೇ ಅಗ್ಗ!

ಅಂದಕ್ಕೆ ಹೆಚ್ಚು ದುಡ್ಡು ಕೊಡುವುದು ಹೊಸದೇನಲ್ಲ. ಬಿಎಂಡಬ್ಲ್ಯು 2008ರಲ್ಲಿ ಜಾರು ಚಾವಣಿಯ ಎಕ್ಸ್6 ತಂದಾಗಲೇ ಜಗತ್ತಿನ ಸಿರಿವಂತರು ಎಕ್ಸ್5ಗಿಂತ ಕಡಿಮೆ ಜಾಗಕ್ಕೆ ಹೆಚ್ಚು ಬೆಲೆ ಕೊಡಲು ಶುರುಮಾಡಿದ್ದರು. ನಮ್ಮಲ್ಲಿ 2024ರಲ್ಲಿ ಟಾಟಾ ಕರ್ವ್, ಸಿಟ್ರೊಯೆನ್ ಬಸಾಲ್ಟ್ ಬಂದ ಮೇಲೆ ಈ ಕೂಪೆ ಆಕಾರ ಮಧ್ಯಮ ವರ್ಗದ ಕೈಗೂ ಎಟುಕಿತು. ಈಗ ಹೊಳಲ್ಕೆರೆಯ ಅಡಿಕೆ ಬೆಳೆಗಾರರ ಮನೆಯಲ್ಲೂ ಚಿತ್ರದುರ್ಗದ ನೌಕರರ ಮನೆಯಲ್ಲೂ ಅಪ್ಪ ಒಂದು ಕಾರು ಹೇಳಿದರೆ ಮಗ ಇನ್ನೊಂದು ಹೇಳುತ್ತಾನೆ.

ಚಿತ್ರದುರ್ಗ ಜಿಲ್ಲೆಯಲ್ಲಿ ಕಾರು ಒಬ್ಬರ ಸ್ವತ್ತಾಗಿ ಉಳಿಯುವುದಿಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ಹಿರಿಯೂರಿಗೆ ರೈಲೇ ಇಲ್ಲ. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ರೈಲು ಮಾರ್ಗದ ಮಾತು ಶುರುವಾಗಿ ಎಷ್ಟೋ ವರ್ಷಗಳಾದವು. ಅದು ಪೂರ್ತಿಯಾಗುವ ತನಕ ಬೆಂಗಳೂರಿನ ಸುಮಾರು 200 ಕಿಲೋಮೀಟರ್ ದಾರಿಗೆ ಹೆದ್ದಾರಿ 48 ಮುಖ್ಯ ಆಸರೆ. ಯಾರಿಗೋ ಎದೆನೋವು ಬಂದರೆ ದಾವಣಗೆರೆಗೆ ಓಡಬೇಕು. ಹಿರಿಯೂರಿನ ತೇರುಮಲ್ಲೇಶ್ವರ ಜಾತ್ರೆ, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರು, ಹೊಸದುರ್ಗದ ಕಡೆ ಒಂದು ಮದುವೆ, ಇನ್ನೊಂದು ನಾಮಕರಣ ಎಂದು ದಾರಿ ಬೆಳೆಯುತ್ತಲೇ ಇರುತ್ತದೆ. ಕಾರಿರುವ ಮನೆಗೆ ಅಕ್ಕಪಕ್ಕದವರ ಫೋನೂ ಬರುತ್ತದೆ. ಬಿಡದಿಯಲ್ಲಿ ತಯಾರಾದ ಕ್ವಾಲಿಸ್ 2000ದಲ್ಲಿ, ಇನೋವಾ 2005ರಲ್ಲಿ ರಸ್ತೆಗಿಳಿದಾಗ ಊರೂರಲ್ಲಿ ಒಪ್ಪಿಗೆಯಾದದ್ದು ಇಂಥ ಅಗತ್ಯಗಳಿಗೇ.

ಹಾಗೆಂದು ಏಳು ಸೀಟಿನ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬಾರದು.

ಏಳು ಸೀಟಿನ ಎರ್ಟಿಗಾದ ಮೂರೂ ಸಾಲಿನಲ್ಲಿ ಜನ ಕೂತರೆ ಡಿಕ್ಕಿಯಲ್ಲಿ ಉಳಿಯುವುದು 209 ಲೀಟರ್ ಜಾಗ. ಬಸಾಲ್ಟ್‌ನಲ್ಲಿ 470 ಲೀಟರ್, ಕರ್ವ್‌ನಲ್ಲಿ 500. ಅಂದರೆ ಏಳು ಜನ ಜಾತ್ರೆಗೆ ಹೊರಟರೆ ಬುತ್ತಿ, ಚಾಪೆ, ನೀರಿನ ಕ್ಯಾನು, ಬಟ್ಟೆ ಬ್ಯಾಗುಗಳೆಲ್ಲ ತೊಡೆಯ ಮೇಲೆ. ಬಹುತೇಕ ಕಾರುಗಳ ಮೂರನೇ ಸಾಲಿನಲ್ಲಿ ನೆಲ ಎತ್ತರ, ಸೀಟು ತಗ್ಗು. ಬೆಳೆದ ಗಂಡಸು ಅಲ್ಲಿ ಕೂತರೆ ಮೊಣಕಾಲು ಎದೆಗೆ ತಾಗುತ್ತದೆ. ಶಿರಾ ದಾಟುವುದರೊಳಗೆ ಸೊಂಟ ಹಿಡಿಯುತ್ತದೆ. ಹಿಂಬದಿ ಡಿಕ್ಕಿಯ ಬಾಗಿಲಿಗೆ ಅಂಟಿಕೊಂಡಂತಿರುವ ಆ ಸಾಲಿನಲ್ಲಿ ಮಕ್ಕಳನ್ನು ಕೂರಿಸುವುದಾದರೆ, ಪಕ್ಕದ ಪರದೆ ಏರ್‌ಬ್ಯಾಗು ಅಲ್ಲಿಯವರೆಗೆ ಬರುತ್ತದೆಯೇ ಎಂದು ಶೋರೂಂನಲ್ಲಿ ಕೇಳಿ, ಬರಹದಲ್ಲೇ ನೋಡಬೇಕು. ಏಳರ ಜಾಗದಲ್ಲಿ ಒಂಬತ್ತು ಜನರನ್ನು ತುರುಕುವ ರೂಢಿಯಂತೂ ಇನ್ನಾದರೂ ನಿಲ್ಲಲೇಬೇಕು.

ಆದರೂ ಈ ಜಿಲ್ಲೆಯ ಹೆಚ್ಚಿನ ಮನೆಗಳಿಗೆ ನೆಟ್ಟಗಿನ ಕಾರೇ ಸರಿ. ಅದಕ್ಕೆ ಕಾರಣ ಸೀಟಿನ ಸಂಖ್ಯೆಯಲ್ಲ, ಬಾಗಿಲು. ಕೂಪೆಯ ಹಿಂಬಾಗಿಲಿನ ಮೇಲಂಚು ಇಳಿಜಾರಾಗಿ ಬರುವುದರಿಂದ ತಲೆ ಬಗ್ಗಿಸಿ, ಸೊಂಟ ತಿರುಗಿಸಿ ಒಳಸೇರಬೇಕು. ಮೂವತ್ತರ ಮಗನಿಗೆ ಇದು ಗೊತ್ತೇ ಆಗುವುದಿಲ್ಲ, ಅವನು ಕೂರುವುದು ಸ್ಟೀರಿಂಗ್ ಮುಂದೆ. ಮಂಡಿನೋವಿನ ಅಜ್ಜಿಗೆ, ಆಪರೇಷನ್ ಮುಗಿಸಿಕೊಂಡು ಬರುವ ಚಿಕ್ಕಪ್ಪನಿಗೆ, ಕಂಕುಳಲ್ಲಿ ಕೂಸು ಹೊತ್ತ ಬಾಣಂತಿಗೆ ಪ್ರತಿ ಸಲವೂ ಗೊತ್ತಾಗುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ 9ಇ ಸಣ್ಣ ಕಾರಲ್ಲ, ಅದರ ಡಿಕ್ಕಿಯೇ 663 ಲೀಟರ್. ಇಕ್ಕಟ್ಟು ಇರುವುದು ಹತ್ತುವ ಇಳಿಯುವ ಕಡೆ.

ಮೂರನೇ ಸಾಲನ್ನು ಮಡಚಿಟ್ಟು ಐದು ಜನರ ಕಾರಾಗಿ ಬಳಸಿದರೆ ಏಳು ಸೀಟಿನ ಗಾಡಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಹಾಗೆ ಮಡಚಿದಾಗ 9ಎಸ್‌ನಲ್ಲಿ 527 ಲೀಟರ್ ಸಿಗುತ್ತದೆ. ಲೆಕ್ಕದಲ್ಲಿ 9ಇಗಿಂತ ಕಡಿಮೆಯೇ, ಆದರೆ ಎತ್ತರದ ಸಾಮಾನಿಗೆ ಇದೇ ವಾಸಿ. ಡ್ರಿಪ್ ಪೈಪಿನ ಸುರುಳಿ, ರಿಪೇರಿಗೆ ಹೊರಟ ಪಂಪ್‌ಸೆಟ್ ಮೋಟಾರು, ಭೀಮಸಮುದ್ರಕ್ಕೆ ಒಯ್ಯುವ ಅಡಿಕೆ ಚೀಲ, ಹೊಸದುರ್ಗದ ತೋಟದ ತೆಂಗಿನಕಾಯಿ ಮೂಟೆ ಇವೆಲ್ಲ ಕೂಪೆಯ ಇಳಿಜಾರು ಗಾಜಿಗೆ ತಾಗಿ ನಿಲ್ಲುತ್ತವೆ, ಬಾಗಿಲು ಮುಚ್ಚುವುದಿಲ್ಲ.

ಜಾರು ಚಾವಣಿ ಗಾಳಿಯನ್ನು ಸೀಳುತ್ತದೆ, ಮೈಲೇಜು ಹೆಚ್ಚು ಎಂಬ ಮಾತೊಂದಿದೆ. ಗಾಳಿಯಂತ್ರಗಳೇ ತುಂಬಿದ ದುರ್ಗದ ಗುಡ್ಡಗಳ ನಡುವೆ ಓಡಾಡುವವರಿಗೆ ಇದು ಸಹಜವಾಗಿ ನಾಟುತ್ತದೆ. ಆದರೆ ಕಂಪನಿಯೇ ಹೇಳಿದ ಲೆಕ್ಕ ನೋಡಿ: 79 ಕಿಲೋವ್ಯಾಟ್ ಅವರ್ ಬ್ಯಾಟರಿಯಲ್ಲಿ 9ಇ 656 ಕಿಲೋಮೀಟರ್, 9ಎಸ್ 679. ಪರೀಕ್ಷೆಯ ಅಂಕಿಗಳಿವು. ಏಪ್ರಿಲ್ ಬಿಸಿಲಲ್ಲಿ ಏಸಿ ಹಾಕಿಕೊಂಡು ಓಡಿದರೆ ಎರಡರಲ್ಲೂ ಕಡಿಮೆಯಾಗುತ್ತದೆ. ಏನೇ ಇರಲಿ, ಈ ಜೋಡಿಯಲ್ಲಿ ಮೈಲೇಜಿನ ಹೆಸರಲ್ಲಿ ಕೂಪೆ ಕೊಳ್ಳಲು ಕಾರಣವಿಲ್ಲ. ತೆರಿಗೆಯಲ್ಲೂ ಆಕಾರ ನೋಡಿ ರಿಯಾಯಿತಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಮೀರಿದ ಪೆಟ್ರೋಲ್, ಡೀಸೆಲ್ ಎಸ್‌ಯುವಿಗಳಿಗೆ ಶೇ 40 ಜಿಎಸ್‌ಟಿ, ವಿದ್ಯುತ್ ಕಾರುಗಳಿಗೆ ಶೇ 5.

ಕೂಪೆ ಯಾರಿಗೂ ಬೇಡ ಎಂದಲ್ಲ. ಮನೆಯಲ್ಲಿ ಆಗಲೇ ಬೊಲೆರೊ ಅಥವಾ ಇನೋವಾ ಇದ್ದು, ವಾರಕ್ಕೊಮ್ಮೆ ಬೆಂಗಳೂರಿಗೆ ಒಬ್ಬರೋ ಇಬ್ಬರೋ ಹೋಗಿಬರುವವರು ಸಂತೋಷವಾಗಿ ಕೊಳ್ಳಲಿ. ದುಡಿದವರಿಗೆ ಕಣ್ಣಿಗೆ ಒಪ್ಪುವ ಕಾರು ಬೇಕೆನಿಸುವುದು ತಪ್ಪಲ್ಲ. ಉಳಿದವರು ಟೆಸ್ಟ್ ಡ್ರೈವ್‌ಗೆ ಗೆಳೆಯರನ್ನು ಬಿಟ್ಟು ಮನೆಯ ಹಿರಿಯರನ್ನು ಕರೆದೊಯ್ಯಲಿ. ಹಿಂದಿನ ಸೀಟಿಗೆ ಎರಡು ಸಲ ಹತ್ತಿಸಿ ಇಳಿಸಲಿ, ಮೂರನೇ ಸಾಲಿನಲ್ಲಿ ಕಾರು ಕೊಳ್ಳುವವರೇ ಸ್ವಲ್ಪ ದೂರ ಕೂತು ಬರಲಿ. ಮುಂಗಡ ಕಟ್ಟುವುದು ಅದಾದ ಮೇಲೆ.